ಕೆಂಪು ಅರಗಿನ ಬೊಟ್ಟು

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ವಾರದಿಂದ ಊರಿನ ಕಿಟಕಿ ಬಾಗಿಲುಗಳನ್ನೆಲ್ಲ ಬಡಿದು ಬಡಿದು ಸುಸ್ತಾಗಿ ಎಲ್ಲೋ ಹೋಗಿ ಮಲಗಿಕೊಂಡಂತಿತ್ತು. ಮಂಜು ಎದ್ದು ಹೋಗಿತ್ತು, ಬಿಸಿಲು ಇನ್ನೂ ಎಳೆಯದು. ಕೋವಿ ಅಂಗಡಿಯ ಹಿಂದಿನ ಬಯಲಿನ ಕೊನೆಯಲ್ಲಿದ್ದ ಮಣ್ಣದಿಬ್ಬ ಕೈಚಾಚಿದರೆ ಸಿಕ್ಕೀತು ಎನ್ನುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಮುಂದಿನ ಹಲಗೆಗೆ ಚುಚ್ಚಿದ ಬಿಳಿ ಕಾಗದ ಒಂದಿಷ್ಟೂ ಅಲುಗಲಿಲ್ಲ.

"ಇಂಥ ಬೆಳಗನ್ನ ದೇವರು ಸುಮ್ಮನೆ ಕೊಡಲ್ಲ, ಇನ್‌ಸ್ಪೆಕ್ಟರಮ್ಮ," ಎಂದರು ಕೋವಿ ಮೇಷ್ಟ್ರು. "ಯಾರಿಗೋ ಬೇಕಾಗಿತ್ತು. ಅದಕ್ಕೇ ಕೊಟ್ಟಿದ್ದಾನೆ."

"ಯಾರಿಗೆ ಅಂತ ಮಧ್ಯಾಹ್ನ ಕೋರ್ಟಿಗೆ ಹೋಗೋ ಮುಂಚೆ ಗೊತ್ತಾದ್ರೆ ನಾನೂ ಅವನಿಗೆ ಕೈ ಮುಗೀತೀನಿ ಮೇಷ್ಟ್ರೇ."

ಗೊತ್ತಾಗಬೇಕಾದದ್ದು ಒಂದೇ ಒಂದು. ಹಂದಿ ಬೇಟೆಗೆಂದು ಹೋದ ಸಾಮಿಲ್ಲಿನ ಅಣ್ಣತಮ್ಮಂದಿರಲ್ಲಿ ತಮ್ಮ ಹಾರಿಸಿದ ಗುಂಡು ಹಂದಿಯನ್ನು ಬಿಟ್ಟು ಅಣ್ಣನ ಎದೆಯ ಪಕ್ಕ ಹೊಕ್ಕಿತ್ತು. ಅಣ್ಣ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ. ತಮ್ಮ ಲಾಕಪ್ಪಿನಲ್ಲಿ ಕಣ್ಣು ಮುಚ್ಚದೆ ಕೂತಿದ್ದ. ಕೋವಿ ನೆಟ್ಟಗೆ ಹೊಡೆಯುವುದಾದರೆ ತಮ್ಮ ಕೊಲ್ಲಲೆಂದೇ ಹೊಡೆದವನು. ಕೋವಿಯೇ ತಪ್ಪಿದ್ದರೆ ಅವನು ಬರೀ ನತದೃಷ್ಟ.

ಪ್ರಯೋಗಾಲಯದವರು ಕೋವಿ ನೆಟ್ಟಗಿದೆ ಎಂದಿದ್ದರು. ಪಾಪ, ಅವರು ಯಾವುದರಲ್ಲೂ ಉದಾಸೀನ ಮಾಡಿದವರಲ್ಲ. ಆದರೂ ಇನ್‌ಸ್ಪೆಕ್ಟರಮ್ಮನ ಮನಸ್ಸು ಒಪ್ಪಿರಲಿಲ್ಲ. ನಿನ್ನೆ ಸಂಜೆ ಲಾಕಪ್ಪಿನ ಕಂಬಿ ಹಿಡಿದುಕೊಂಡು ತಮ್ಮ ಹೇಳಿದ ಮಾತು ಅವಳ ಕಿವಿಯಲ್ಲೇ ಕೂತುಬಿಟ್ಟಿತ್ತು.

"ನಮ್ಮಣ್ಣ ಆ ಕೋವಿನ ಯಾರಿಗೂ ಮುಟ್ಟೋಕೂ ಕೊಡ್ತಿರಲಿಲ್ಲ ಅಕ್ಕ. ಅವತ್ತು ತಾನೇ ತಂದು ನನ್ನ ಕೈಲಿಟ್ಟು, 'ಇವತ್ತು ನೀನು ಹೊಡಿ' ಅಂದ. ಮಿಲ್ಲು ಮಾರೋ ವಿಷಯಕ್ಕೆ ತಿಂಗಳಾನುಗಟ್ಟಲೆ ನಾವು ಮುಖ ಕೊಟ್ಟು ಮಾತಾಡಿರಲಿಲ್ಲ. ನನಗೆ ಅಷ್ಟು ಸಾಕಿತ್ತು. ಹಂದಿ ಸಿಗದಿದ್ರೂ ಪರವಾಗಿಲ್ಲ ಅನ್ನೋ ಹಾಗೆ ಹೊಟ್ಟೆ ತುಂಬಿಹೋಗಿತ್ತು. ಅಂಥವನನ್ನ ನಾನು ಹೊಡೀತೀನಾ?"

ಅಳು ನಟಿಸುವವರನ್ನು ಅವಳು ಬೇಕಾದಷ್ಟು ಜನ ನೋಡಿದ್ದಳು. ಕೃತಜ್ಞತೆಯನ್ನು ನಟಿಸುವವರನ್ನು ಅಷ್ಟಾಗಿ ನೋಡಿರಲಿಲ್ಲ.

ಅದಕ್ಕೇ ಕೋವಿಯನ್ನು ಹುಟ್ಟಿಸಿದವರ ಹತ್ತಿರವೇ ಅದನ್ನು ಹೊತ್ತುಕೊಂಡು ಬಂದಿದ್ದಳು. ದೂರ ದೂರದ ಊರುಗಳಿಂದ ಜನ ಹುಡುಕಿಕೊಂಡು ಬಂದು, ವರ್ಷಗಟ್ಟಲೆ ಕಾದು ಕೋವಿ ಮಾಡಿಸಿಕೊಂಡು ಹೋಗುತ್ತಿದ್ದದ್ದು ಈ ಮೇಷ್ಟ್ರ ಕೈಯಿಂದ. ಸಾಕ್ಷಿಗೆಂದು ಜೊತೆಯಲ್ಲಿ ಬಂದ ದಫೇದಾರ ಮೀಸೆ ತೀಡಿಕೊಂಡು ನಿಂತಿದ್ದ.

"ಮೊದಲು ಕಣ್ಣಲ್ಲಿ ನೋಡಿ. ಹೊಡೆಯೋದು ಆಮೇಲೆ," ಎಂದು ಮೇಷ್ಟ್ರು ಬೋಲ್ಟು ಬಿಚ್ಚಿ, ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದುಕೊಟ್ಟರು.

ಇನ್‌ಸ್ಪೆಕ್ಟರಮ್ಮ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು. ಬೆಳಕು ಬಳೆಬಳೆಯಾಗಿ, ಒಂದರೊಳಗೊಂದು ಕೂತು ಆ ತುದಿಯವರೆಗೆ ಹೋಗಿತ್ತು. ಯಾವ ಬಳೆಯೂ ಸೊಟ್ಟಗಿರಲಿಲ್ಲ. ಗೋಡೆಯ ಮೇಲಿನ ಸುರುಳಿ ಗೆರೆಗಳು ಇವತ್ತು ಕೊರೆದಷ್ಟು ಚೂಪಾಗಿದ್ದವು.

"ಬಳೆ ಸೊಟ್ಟಗಿದ್ರೆ ನಳಿಗೆ ಸೊಟ್ಟಗಿದೆ ಅಂತ. ಇಲ್ಲ, ಅಲ್ವಾ?"

"ಇಲ್ಲ."

ಮೇಷ್ಟ್ರು ತೆಳು ಕಾಗದದ ಪಟ್ಟಿಯೊಂದನ್ನು ನಳಿಗೆಗೂ ಅದರ ಕೆಳಗಿನ ಅಕ್ರೋಟು ಮರಕ್ಕೂ ನಡುವೆ ತೂರಿಸಿ ಎಳೆದರು. ಕಾಗದ ಎಲ್ಲೂ ತಡೆಯದೆ ಜಾರಿ ಬಂತು. ಮರ ನೀರು ಕುಡಿದು ಉಬ್ಬಿದ್ದರೆ ನಳಿಗೆಯನ್ನು ಒತ್ತುತ್ತದೆ, ಒತ್ತಿದರೆ ಗುಂಡು ದಾರಿ ತಪ್ಪುತ್ತದೆ. ಇಲ್ಲಿ ಒತ್ತು ಇರಲಿಲ್ಲ. ಬೋಲ್ಟನ್ನು ಹಾಕಿ ಹಿಂದೆ ಮುಂದೆ ಮಾಡಿದರೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬಂತು. ಕುದುರೆಯನ್ನು, ಅಂದರೆ ಟ್ರಿಗರನ್ನು, ಒತ್ತಿ ನೋಡಿದಳು. ಎಳೆದಾಟವಿಲ್ಲ, ಕೊಸರಾಟವಿಲ್ಲ, ಬೆರಳು ಮನಸ್ಸು ಮಾಡಿದ ಕ್ಷಣ ಒಣಕಡ್ಡಿಯ ಹಾಗೆ ಲಟಕ್ಕೆಂದಿತು.

"ಮೇಷ್ಟ್ರೇ, ನೀವು ಇದನ್ನ ಮಾಡಿದ್ರಾ, ಹೆತ್ತಿರಾ?"

"ಹೆತ್ತಿದ್ರೆ ಇಷ್ಟು ಹೇಳಿದ ಮಾತು ಕೇಳ್ತಿತ್ತಾ?" ಮೇಷ್ಟ್ರು ನಕ್ಕರು. ಆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಹೋಗದಿರುವುದಕ್ಕೆ ಕಾರಣ ಊರಿಗೇ ಗೊತ್ತಿತ್ತು. ಮೇಷ್ಟ್ರ ಕಣ್ಣಿಗೆ ಪೊರೆ ಬಂದು ಕೆಲಸ ನಿಂತೇಹೋಗಿದ್ದಾಗ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಗ್ಗುಲಲ್ಲೇ ಕೂತು, ಹೊತ್ತುಹೊತ್ತಿಗೆ ಔಷಧಿ ಬಿಟ್ಟವನು ಆ ತಮ್ಮ. 'ಈ ಬೆಳಕು ಅವನ ಕೈಯಲ್ಲಿ ದೇವರು ಕಳಿಸಿದ್ದು' ಎಂದು ಮೇಷ್ಟ್ರು ಕಂಡಕಂಡವರಿಗೆ ಹೇಳುತ್ತಿದ್ದರು. ಇವತ್ತು ಅದೇ ಕಣ್ಣಿನಿಂದ ಅವನ ಹಣೆಬರಹ ನೋಡಬೇಕಾಗಿತ್ತು.

ಮರಳಿನ ಚೀಲದ ಮೇಲೆ ಕೋವಿಯನ್ನು ಇಟ್ಟು ಇನ್‌ಸ್ಪೆಕ್ಟರಮ್ಮನೇ ಕೂತಳು.

"ನಳಿಗೆನ ಚೀಲದ ಮೇಲೆ ಇಡಬೇಡಿ. ಮರ ಇಡಿ. ಹಾಂ. ಒಂದೇ ಒಂದು ಹೊಡೆದು ಎದ್ದುಬಿಡಿ."

"ಒಂದೇ?"

"ಹಂದಿ ನಿಮಗೆ ಎರಡನೇ ಗುಂಡಿಗೆ ಕಾಯ್ತಾ ನಿಲ್ಲುತ್ತಾ? ಮೊದಲನೇದು ತಪ್ಪಿದ್ರೆ ಹೊಡೆದವನ ಮೇಲೇ ನುಗ್ಗಿ ಸೀಳಿಹಾಕುತ್ತೆ. ಬಿಸಿಯಾದ ನಳಿಗೆಯ ಗುಣ ಕಟ್ಟಿಕೊಂಡು ಬೇಟೆಗಾರನಿಗೆ ಏನಾಗಬೇಕು? ತಣ್ಣಗಿರೋ ನಳಿಗೆಯ ಮೊದಲನೇ ಗುಂಡು ಎಲ್ಲಿಗೆ ಹೋಗುತ್ತೆ ಅನ್ನೋದೇ ಕೋವಿಯ ಗುಣ. ಹೊಡೀರಿ, ಆರಲಿ, ಮತ್ತೆ ಹೊಡೀರಿ."

ಉಸಿರು ಅರ್ಧ ಬಿಟ್ಟು ನಿಲ್ಲಿಸಿದಳು. ಕೋವಿಯ ಮೇಲೆ ಕೂರಿಸಿದ ಗುರಿ ದುರ್ಬೀನಿನೊಳಗೆ ಕಾಗದದ ಕಪ್ಪು ಚುಕ್ಕೆ ತಟಸ್ಥವಾಗಿ ನಿಂತಿತ್ತು. ಸದ್ದು ಬಯಲಿನುದ್ದಕ್ಕೂ ಉರುಳಿಕೊಂಡು ಹೋಗಿ ದಿಬ್ಬಕ್ಕೆ ಹಾಯ್ದು ವಾಪಸ್ಸು ಬಂತು.

ನಳಿಗೆ ಆರುವವರೆಗೆ ಟೀ ಕುಡಿದರು. ಮತ್ತೆ ಹೊಡೆದಳು. ಮತ್ತೆ ಕಾದರು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ದಫೇದಾರ ಹಲಗೆಯಿಂದ ಕಾಗದ ಕಿತ್ತು ತಂದು, ಅದರ ಮೇಲೆ ತನ್ನ ಅಂಗಿಯ ತೋಳಿನ ಗುಂಡಿಯನ್ನು ಇಟ್ಟ. ಎಲ್ಲ ತೂತುಗಳೂ ಗುಂಡಿಯ ಕೆಳಗೆ ಮುಚ್ಚಿಹೋದವು. ಕಪ್ಪು ಚುಕ್ಕೆಯ ನಟ್ಟನಡುವೆ.

ಎಂಥ ಕೈಕೆಲಸಗಾರನೂ ಎದೆ ಉಬ್ಬಿಸಬೇಕಾದ ಕಾಗದ ಅದು. ಮೇಷ್ಟ್ರು ಅದನ್ನು ನೋಡಿ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ನನ್ನ ಕೆಲಸದಲ್ಲಿ ಒಂದು ಐಬಿರಲಿ ತಂದೆ ಅಂತ ಬೇಡಿಕೊಂಡಿದ್ದೆ," ಎಂದರು. "ಜೀವಮಾನದಲ್ಲಿ ಹಾಗೆ ಬೇಡಿಕೊಂಡವನಲ್ಲ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ."

ಇನ್‌ಸ್ಪೆಕ್ಟರಮ್ಮ ಕಾಗದವನ್ನು ಮಡಿಸಿಟ್ಟಳು. ಕೋವಿ ಸುಳ್ಳಾಡುವುದಿಲ್ಲ. ಹಾಗಾದರೆ ಲಾಕಪ್ಪಿನಲ್ಲಿ ಕೂತವನು ಆಡಿದ್ದಾನೆ. ಅವಳು ಕೋವಿಯನ್ನು ಚೀಲಕ್ಕೆ ಸೇರಿಸಲೆಂದು ಎತ್ತಿಕೊಂಡಳು.

ಬಿಸಿಲು ದುರ್ಬೀನಿನ ಮೇಲೆ ಬಿತ್ತು.

ದುರ್ಬೀನನ್ನು ಕೋವಿಗೆ ಕಚ್ಚಿ ಹಿಡಿದಿದ್ದದ್ದು ಎರಡು ಉಕ್ಕಿನ ಪಟ್ಟಿಗಳು, ಹಿಂದೊಂದು ಮುಂದೊಂದು. ಪಟ್ಟಿಗೆ ಜೋಡಿ ಸ್ಕ್ರೂ. ಪ್ರತಿ ಸ್ಕ್ರೂವಿನ ತಲೆಯ ಅಂಚಿಗೆ ಸಾಸಿವೆಯಷ್ಟು ಅರಗಿನ ಬೊಟ್ಟು. ಹಿಂದಿನ ಪಟ್ಟಿಯ ಬೊಟ್ಟುಗಳು ಕಾಲಕ್ಕೆ ಕಪ್ಪಾಗಿ, ಒಣಗಿದ ಹುಣಿಸೆಬೀಜದ ಬಣ್ಣಕ್ಕೆ ತಿರುಗಿದ್ದವು. ಮುಂದಿನವು ಕೆಂಪಗೆ, ಹೊಸದಾಗಿ ಹೊಳೆಯುತ್ತಿದ್ದವು.

"ಮೇಷ್ಟ್ರೇ, ಈ ಅರಗು ಯಾತಕ್ಕೆ?"

"ಸ್ಕ್ರೂ ಅಲುಗಿದ್ರೆ ಗೊತ್ತಾಗಲಿ ಅಂತ. ಗುರಿ ಕೂರಿಸಿದ ಮೇಲೆ ನಾನು ಒಂದೊಂದು ಬೊಟ್ಟಿಟ್ಟು ಮುದ್ರೆ ಮಾಡ್ತೀನಿ. ಮುದ್ರೆ ಒಡೆದಿದ್ರೆ ಯಾರೋ ಕೈ ಹಾಕಿದ್ದಾರೆ ಅಂತ ಲೆಕ್ಕ."

"ಇವೆರಡು ಹೊಸವು."

"ಹೌದು. ನಾನೇ ಇಟ್ಟದ್ದು."

"ಯಾವಾಗ?"

"ಅವತ್ತೇ. ನೀವು ತಂದುಕೊಟ್ರಲ್ಲ."

ಇನ್‌ಸ್ಪೆಕ್ಟರಮ್ಮನ ಕೈ ಅಲ್ಲೇ ನಿಂತಿತು. ಗುಂಡು ಬಿದ್ದ ದಿನ ಈ ಕೋವಿ ಅವಳ ಕೈಗೆ ಸಿಕ್ಕಾಗ ಒಳಗೆ ಹಾರಿಸದೆ ಉಳಿದ ಇನ್ನೊಂದು ಗುಂಡಿನ ತೋಟಾ ಕೂತಿತ್ತು. ಅದನ್ನು ಹಾಗೇ ಪ್ರಯೋಗಾಲಯಕ್ಕೆ ಕಳಿಸುವುದು ಅಪಾಯ ಎಂದು ದಾರಿಯಲ್ಲೇ ಇದ್ದ ಈ ಅಂಗಡಿಗೆ ತಂದು, 'ಸುರಕ್ಷಿತವಾಗಿ ತೆಗೆದುಕೊಡಿ' ಎಂದಿದ್ದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂದಿತ್ತು. ಮಾತಾಡಲು ರಸ್ತೆಗೆ ಹೋಗಿದ್ದಳು. ವಾಪಸ್ಸು ಬಂದಾಗ ತೋಟಾ ಒಂದು ಕಡೆ, ಕೋವಿ ಒಂದು ಕಡೆ, ಎರಡೂ ಮೇಜಿನ ಮೇಲೆ ತಯಾರಾಗಿದ್ದವು.

"ಅವತ್ತು ಈ ಸ್ಕ್ರೂಗಳು ಹೇಗಿದ್ವು?"

"ಸಡಿಲ ಇದ್ವು. ಬಿಗಿ ಮಾಡಿದೆ. ದುರ್ಬೀನು ಸ್ವಲ್ಪ ವಾಲಿಕೊಂಡಿತ್ತು, ನೆಟ್ಟಗೆ ಕೂರಿಸಿ, ನಳಿಗೆಯೊಳಗೇ ಕಣ್ಣಿಟ್ಟು ಆ ದಿಬ್ಬಕ್ಕೆ ಗುರಿ ಸರಿ ಮಾಡಿ, ಬೊಟ್ಟಿಟ್ಟೆ."

ದಫೇದಾರನ ಕೈ ಮೀಸೆಯಿಂದ ಕೆಳಗಿಳಿಯಿತು.

"ಮೇಷ್ಟ್ರೇ!" ಅವಳ ದನಿ ತಾನಾಗಿ ಏರಿತು. "ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಏನು ಹೇಳೋದು?" ಮೇಷ್ಟ್ರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಇಲ್ಲಿಗೆ ಬಂದ ಕೋವಿನ ನಾನು ಯಾವತ್ತೂ ಹಾಗೇ ವಾಪಸ್ ಕಳಿಸಿದವನಲ್ಲ. ಅಂಗಳಕ್ಕೆ ಬಂದ ಮಗುವಿನ ಮೂಗು ಸುರೀತಾ ಇದ್ರೆ ಒರೆಸಿ ಕಳಿಸಲ್ವಾ? ಒರೆಸಿದೆ ಅಂತ ಅವರಮ್ಮನಿಗೆ ಹೋಗಿ ಹೇಳ್ತಾರಾ? ನೀವು ಕೇಳಿದ್ದು ಕೋವಿ ಚೆನ್ನಾಗಿದೆಯಾ ಅಂತ. ಚೆನ್ನಾಗಿತ್ತು."

"ನೀವು ಒರೆಸಿದ ಮೇಲೆ ಚೆನ್ನಾಗಿತ್ತು!"

ಮೇಷ್ಟ್ರ ಮುಖದ ಮೇಲೆ ಆ ಮಾತು ನೀರು ಮಣ್ಣಿಗಿಳಿದ ಹಾಗೆ ಮೆಲ್ಲಗೆ ಇಳಿಯಿತು. ಅವರು ಎದ್ದು ನಿಂತರು.

"ಅಂದ್ರೆ... ಪ್ರಯೋಗಾಲಯದವರು ನೋಡಿದ್ದು..."

"ನೀವು ಸರಿ ಮಾಡಿದ ಕೋವಿ. ನಾವು ಈಗ ಹೊಡೆದದ್ದೂ ಅದೇ. ಆ ತಮ್ಮ ಹಾರಿಸಿದ ಕೋವಿನ ಇಲ್ಲಿಯವರೆಗೆ ಯಾರೂ ನೋಡೇ ಇಲ್ಲ."

"ಅಯ್ಯೋ ದೇವರೇ," ಎಂದರು ಮೇಷ್ಟ್ರು. "ನನ್ನ ಈ ದರಿದ್ರ ಕೈ."

"ನಿಮ್ಮ ಕೈ ಒಂದೇ ಅಲ್ಲ," ಎಂದಳು ಅವಳು, ದನಿ ತಗ್ಗಿಸಿ. "ಸಾಕ್ಷಿಯನ್ನ ಮೇಜಿನ ಮೇಲೆ ಬಿಟ್ಟು ಬೀದಿಗೆ ಹೋದವಳು ನಾನು. ನಾನೇನೂ ಸಾಚಾ ಅಲ್ಲ." ಆಮೇಲೆ ಕೇಳಿದಳು, "ಎಷ್ಟು ಸಡಿಲ ಇತ್ತು ಅಂತ ನೆನಪಿದೆಯಾ?"

"ನನಗಿಲ್ಲ. ಬೆರಳಿಗಿದೆ."

ಮೇಷ್ಟ್ರು ಕೋವಿಯನ್ನು ಮೇಜಿಗೊಯ್ದರು. ಮರದ ಹಿಡಿಕೆಗಳೆಲ್ಲ ಎಣ್ಣೆ ಬೆವರು ಕುಡಿದು ಕಪ್ಪಾದ ಸ್ಕ್ರೂಡ್ರೈವರುಗಳ ಸಾಲಿನಿಂದ ಒಂದನ್ನು ಆರಿಸಿ ತೆಗೆದರು. ದಫೇದಾರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೊಸ ಅರಗಿನ ಬೊಟ್ಟನ್ನು ಒಡೆದರು. ಕಣ್ಣು ಮುಚ್ಚಿಕೊಂಡೇ ತಿರುಗಿಸಿದರು. ನಿಂತರು. ಒಂದು ಕೂದಲೆಳೆ ಹಿಂದಕ್ಕೆ ತಂದರು. "ಇಷ್ಟು," ಎಂದರು. ಇನ್ನೊಂದು ಸ್ಕ್ರೂ. "ಇದೂ ಇಷ್ಟೇ."

ಇನ್‌ಸ್ಪೆಕ್ಟರಮ್ಮ ಮತ್ತೆ ಮರಳಿನ ಚೀಲದ ಹಿಂದೆ ಕೂತಳು. ದುರ್ಬೀನಿನಲ್ಲಿ ನೋಡಿದರೆ ಏನೂ ವ್ಯತ್ಯಾಸವಿಲ್ಲ. ಚುಕ್ಕೆ ಅಷ್ಟೇ ಸ್ಪಷ್ಟ, ಅಷ್ಟೇ ಸ್ತಬ್ಧ. ಹಾಗೆ ನೋಡಿ ನಂಬುವುದು ಎಷ್ಟು ಸುಲಭ ಎಂದುಕೊಂಡಳು. ಕುದುರೆ ಎಳೆದಳು.

"ಎಲ್ಲಿ ಬಿತ್ತು?" ಎಂದು ಕೂಗಿದಳು.

ದೂರದಲ್ಲಿ ಮರೆಯಿಂದ ಹೊರಬಂದ ದಫೇದಾರ ಹಲಗೆಯ ಮುಂದೆ ನಿಂತು ಹುಡುಕಿದ. ಹಲಗೆಯ ಹಿಂದೆ ಹೋದ. ಬಗ್ಗಿದ. ಆಮೇಲೆ ಎರಡೂ ಕೈ ಎತ್ತಿ, "ಕಾಗದದಲ್ಲೇ ಇಲ್ಲ ಮೇಡಂ! ಹಲಗೆಯಲ್ಲೂ ಇಲ್ಲ! ಎಡಗಡೆ ದಿಬ್ಬದಲ್ಲಿ ಹೊಕ್ಕಿದೆ!" ಎಂದು ಕಿರುಚಿದ.

ಎಡಗಡೆ. ಹಂದಿ ನಿಂತಿದ್ದ ಪೊದೆಯ ಎಡಗಡೆಯಲ್ಲೇ, ಬಂಡೆಯ ಮರೆಯಲ್ಲಿ ಅಣ್ಣ ಬಿದ್ದಿದ್ದ.

ಮತ್ತೊಂದು ಹೊಡೆದಳು. ಅದು ಹಲಗೆಯ ಎಡ ಅಂಚನ್ನು ಸೀಳಿತು. ಇನ್ನೊಂದು ಕೆಳಗೆ ಕಂಬಕ್ಕೆ ತಾಕಿತು. ಒಂದೊಂದು ಏಟಿಗೂ ದುರ್ಬೀನು ಒಂದೊಂದು ಕಡೆ ವಾಲಿ, ಗುಂಡುಗಳು ಕಟ್ಟು ಬಿಚ್ಚಿದ ಸೌದೆಯ ಹಾಗೆ ಚೆಲ್ಲಾಪಿಲ್ಲಿಯಾದವು.

ಅವಳು ಕೋವಿಯನ್ನು ಮೆಲ್ಲಗೆ ಕೆಳಗಿಟ್ಟಳು. ಮಧ್ಯಾಹ್ನ ಒಬ್ಬ ನಿರಪರಾಧಿಯನ್ನು ಕೋರ್ಟಿನ ಮುಂದೆ ಅಣ್ಣನನ್ನೇ ಕೊಲ್ಲಹೊರಟವನು ಎಂದು ನಿಲ್ಲಿಸುವುದರಲ್ಲಿದ್ದಳು. ಗಾಳಿಯಿಲ್ಲದ ಒಂದು ಬೆಳಗು, ಸಾಸಿವೆಯಷ್ಟು ಅರಗು ಅದನ್ನು ತಪ್ಪಿಸಿದ್ದವು. ಯಾರಿಗೆ ಎಂದು ಹೇಳದೆ ಮನಸ್ಸಿನಲ್ಲೇ ತಲೆಬಾಗಿದಳು.

ಮೇಷ್ಟ್ರು ಅಳುತ್ತಿದ್ದರು, ನಗುತ್ತಲೂ ಇದ್ದರು.

"ನನ್ನ ಕೋವಿ ಗುರಿ ತಪ್ಪಿತು ಅಂತ ನಾನು ಇಷ್ಟು ಸಂತೋಷಪಟ್ಟಿದ್ದು ಇದೇ ಮೊದಲು ತಾಯಿ. ಕೋರ್ಟಲ್ಲಿ ನಾನೇ ಹೇಳ್ತೀನಿ. ಸಾಕ್ಷಿ ಕೆಡಿಸಿದೆ ಅಂತ ಬೈತಾರಾ, ಬೈಯಲಿ. ಮುದುಕನಿಗೆ ಇನ್ನು ಕೆಲಸ ಕೊಡಬೇಡಿ ಅಂತಾರಾ, ಅನ್ನಲಿ. ಆ ಹುಡುಗ ಮನೆಗೆ ಹೋದ್ರೆ ಸಾಕು."

"ಸಾಲದು ಮೇಷ್ಟ್ರೇ. ಕುಲುಕಾಟಕ್ಕೆ ತಾನಾಗೇ ಸಡಿಲ ಆಯ್ತು ಅಂತ ಹೇಳೋಕಾಗುತ್ತಾ?"

ಮೇಷ್ಟ್ರು ಕಣ್ಣೊರೆಸಿಕೊಂಡು ಸ್ಕ್ರೂಗಳ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಮೇಲೆ ನೋಡಿದಾಗ ಮುಖದ ನಗು ಆರಿತ್ತು.

"ಆಗಲ್ಲ," ಎಂದರು. "ತಾನಾಗೇ ಆದ್ರೆ ಎರಡೂ ಒಂದೇ ಸಮ ಸಡಿಲ ಆಗಲ್ಲ, ಒಂದು ಹೆಚ್ಚು ಒಂದು ಕಮ್ಮಿ ಇರುತ್ತೆ. ಇವು ಅಳೆದು ಬಿಟ್ಟ ಹಾಗಿದ್ವು. ನನ್ನ ಬುದ್ಧಿಗೆ ಅವತ್ತೇ ಹೊಳೀಬೇಕಿತ್ತು. ಮತ್ತೆ ಸ್ಕ್ರೂ ತಲೆಯ ಈ ಸೀಳು ನೋಡಿ. ಪೇಟೆ ಸ್ಕ್ರೂಡ್ರೈವರ್ ಇದರೊಳಗೆ ಹೋಗಲ್ಲ, ತುರುಕಿದ್ರೆ ಅಂಚು ಕಿತ್ತುಹೋಗುತ್ತೆ. ಒಂದು ಗೀರೂ ಇಲ್ಲ. ಇದಕ್ಕೆ ಅಂತಾನೇ ನಾನು ಉಜ್ಜಿ ಮಾಡಿದ ಸ್ಕ್ರೂಡ್ರೈವರಲ್ಲೇ ಬಿಚ್ಚಿದ್ದಾರೆ."

ಇನ್‌ಸ್ಪೆಕ್ಟರಮ್ಮ ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದಳು. ಸಾಲಿನಲ್ಲಿದ್ದ ಎಲ್ಲ ಹಿಡಿಕೆಗಳೂ ಕಪ್ಪು. ಇದೊಂದರ ಮರ ಮಾತ್ರ ಬೆಳ್ಳಗಿತ್ತು.

"ಇದು ಹೊಸದು."

"ಹೂಂ. ಹಳೇದು ಎಲ್ಲೋ ಕಾಣೆಯಾಯ್ತು. ಹುಡುಕಿ ಹುಡುಕಿ ಸಾಕಾಗಿ ಇದನ್ನ ಮಾಡಿಕೊಂಡೆ. ವಯಸ್ಸಾಯ್ತಲ್ಲ, ಎಲ್ಲಿ ಇಟ್ಟೆನೋ ಅಂತ ನನ್ನನ್ನೇ ಬೈಕೊಂಡೆ."

"ಕಾಣೆಯಾದದ್ದು ಈ ಕೋವಿ ಗುಂಡು ಹಾರಿಸೋಕೆ ಮುಂಚೆಯಾ, ಆಮೇಲೆಯಾ?"

"ಮುಂಚೆ. ಈ ಕೋವಿನ ವರ್ಷದ ಆರೈಕೆಗೆ ಅಂತ ತಂದು ಬಿಟ್ಟಿದ್ರು. ಕೋವಿನ ವಾಪಸ್ ತಗೊಂಡು ಹೋದ ಮೇಲೇ ಅನ್ನಿ."

"ತಗೊಂಡು ಹೋಗೋಕೆ ಬಂದದ್ದು ಯಾರು?"

ಮೇಷ್ಟ್ರು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ಅಣ್ಣನ ಹೆಂಡತಿ ನಿಂತಿದ್ದಳು. ಆಸ್ಪತ್ರೆಯಿಂದ ನೇರವಾಗಿ ನಡೆದು ಬಂದವಳು, ಬಾಡಿದ ಮುಖದಲ್ಲಿ ಕಣ್ಣು ಮಾತ್ರ ದೀಪ ಹಚ್ಚಿದ ಹಾಗೆ ಹೊಳೆಯುತ್ತಿದ್ದವು.

"ದೊಡ್ಡಪ್ಪ," ಎಂದಳು ಮೇಷ್ಟ್ರಿಗೆ, ಉಸಿರು ಹಿಡಿದುಕೊಂಡು. "ಅವರು ಕಣ್ಣು ಬಿಟ್ಟರು."

ಮೇಷ್ಟ್ರ ಎರಡೂ ಕೈ ತಾವಾಗಿ ಕೂಡಿಕೊಂಡವು. ದಫೇದಾರ ಟೋಪಿ ತೆಗೆದ. ಇನ್‌ಸ್ಪೆಕ್ಟರಮ್ಮ ಹತ್ತಿರ ಹೋಗಿ ಆಕೆಯ ಭುಜ ಹಿಡಿದು ಪೆಟ್ಟಿಗೆಯ ಮೇಲೆ ಕೂರಿಸಿದಳು.

"ನಿಮ್ಮ ಮೈದುನನೂ ಮನೆಗೆ ಬರ್ತಾನೆ ಅಂತ ಕಾಣುತ್ತಮ್ಮ. ಕೋವಿಯದೇ ತಪ್ಪು."

"ನನಗೆ ಗೊತ್ತಿತ್ತು. ಅವನು ಇರುವೆ ಕಂಡ್ರೆ ಸುತ್ತಿ ಹೋಗೋ ಹುಡುಗ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮಗೆ ಹೇಗೆ ಹೇಳಲಿ ಅಕ್ಕ. ಒಂದೇ ದಿನ ಇಬ್ಬರನ್ನೂ ವಾಪಸ್ ಕೊಟ್ರಿ."

"ನಿಮ್ಮ ಯಜಮಾನ್ರು ಮಾತಾಡಿದ್ರಾ?"

"ಎರಡೇ ಮಾತು. ಮೊದಲು ನೀರು ಕೇಳಿದ್ರು."

"ಎರಡನೇದು?"

ಆಕೆ ಕೈಚೀಲ ತೆರೆದಳು.

"ಅದಕ್ಕೇ ಓಡಿಬಂದೆ. ಕೋವಿ ತಗೊಂಡು ಹೋಗೋಕೆ ನನ್ನನ್ನ ಕಳಿಸಿದ್ದಾಗ, ಇದನ್ನೂ ತಗೊಂಡು ಬಾ ಅಂದಿದ್ರು. ದೊಡ್ಡಪ್ಪ ಹಿಂದುಗಡೆ ಗುಂಡು ಹೊಡೀತಾ ಇದ್ರು, ಕೂಗಿದ್ರೂ ಕೇಳಿಸಲಿಲ್ಲ. ಆಮೇಲೆ ಹೇಳಿದ್ರಾಯ್ತು ಅಂತ ತಗೊಂಡು ಹೋದೆ. ಅವರು ಕೆಲಸ ಮುಗಿಸಿ, ವಾಪಸ್ ಕೊಟ್ಟು ಬಾ ಅಂತ ನನ್ನ ಚೀಲಕ್ಕೇ ಹಾಕಿದ್ರು, ಅಷ್ಟರಲ್ಲಿ ಇದೆಲ್ಲ ಆಗಿ ಮರೆತೇಹೋಯ್ತು. ಈಗ ಕಣ್ಣು ಬಿಟ್ಟವರು ತಮ್ಮ ಎಲ್ಲಿ ಅಂತಲೂ ಕೇಳಲಿಲ್ಲ. 'ಅದನ್ನ ಮೇಷ್ಟ್ರಿಗೆ ವಾಪಸ್ ಕೊಟ್ಟೆಯಾ' ಅಂದ್ರು." ಆಕೆಯ ದನಿಯಲ್ಲಿ ಹೆಮ್ಮೆ ಇತ್ತು. "ಆ ಸ್ಥಿತಿಯಲ್ಲೂ ಇನ್ನೊಬ್ಬರ ವಸ್ತು ನಮ್ಮ ಹತ್ತಿರ ಉಳೀಬಾರದು ಅಂತ ನೋಡಿ."

ಇದನ್ನು ತರಿಸಿಕೊಂಡವನೂ, 'ಇವತ್ತು ನೀನು ಹೊಡಿ' ಎಂದು ತಮ್ಮನ ಕೈಗೆ ಕೋವಿ ಇಟ್ಟವನೂ ಒಬ್ಬನೇ ಎಂಬುದು ಆ ಕೋಣೆಯಲ್ಲಿ ಆಕೆಯೊಬ್ಬಳಿಗೆ ಮಾತ್ರ ಹೊಳೆದಿರಲಿಲ್ಲ.

ಆಕೆ ಕರವಸ್ತ್ರದ ಮಡಿಕೆ ಬಿಚ್ಚಿದಳು. ಹಿಡಿಕೆ ಕಪ್ಪಾದ ಹಳೆಯ ಸ್ಕ್ರೂಡ್ರೈವರ್. ಅದರ ತುದಿಯಲ್ಲಿ ಒಣಗಿದ ಅರಗಿನ ಪುಡಿ ಅಂಟಿಕೊಂಡಿತ್ತು.

"ತಪ್ಪು ತಿಳೀಬೇಡಿ ದೊಡ್ಡಪ್ಪ. ನಿಮ್ಮದು," ಎಂದು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದಂತೆ ಮೇಷ್ಟ್ರ ಅಂಗೈಯಲ್ಲಿಟ್ಟಳು.